ಆರು ಮಳೆಗಾಲ ಕಂಡ ನನ್ನ ಡ್ರೆಮೆಲ್ 3000

ಅಡಿಕೆ ಗೊನೆ ಕೊಯ್ಯಲು ಉದ್ದ ಕೋಲಿನ ತುದಿಗೆ ಕಟ್ಟುವ ದೋಟಿ ಕತ್ತಿಯ ಒಳಬಾಗಿಗೆ ಬೆಂಚ್ ಗ್ರೈಂಡರ್‌ನ ಕಲ್ಲು ಹೋಗುವುದಿಲ್ಲ. ಕಲ್ಲು ಆರಿಂಚು, ಬಾಗು ಎರಡಿಂಚು. ಕಟಿಂಗ್ ಮಷಿನ್ ಹಿಡಿದರೆ ಕತ್ತಿಯ ಬಾಯಿ ನೋಡನೋಡುತ್ತಲೇ ನೀಲಿ ಆಗಿಬಿಡುತ್ತದೆ. ನೀಲಿ ಬಂತು ಅಂದರೆ ಉಕ್ಕು ಸುಮಾರು 300 ಡಿಗ್ರಿ ಕಾದಿದೆ ಅಂತ ಅರ್ಥ. ಆಚಾರಿ ಕೊಟ್ಟ ಹದ ಅಲ್ಲಿಗೆ ಹೋಯಿತು. ಮತ್ತೆ ಎಷ್ಟು ಸಾಣೆ ಹಿಡಿದರೂ ಎರಡು ಗೊನೆಗೆ ಮೊಂಡು. ಗುಂಡು ಅರ ಹಿಡಿದು ಉಜ್ಜುತ್ತಾ ಕೂತರೆ ಒಂದು ಕತ್ತಿಗೆ ಅರ್ಧ ಗಂಟೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ತೋಟ. ಗೊನೆ ಕೊಯ್ಲಿನ ಹೊತ್ತಿನಲ್ಲಿ ಅಷ್ಟು ಸಮಯ ಯಾರಿಗೆ ಇರುತ್ತದೆ?

ಈ ಒಂದು ಕೆಲಸಕ್ಕೆ ಅಂತಲೇ ಏಳು ವರ್ಷದ ಹಿಂದೆ ಚಿಕ್ಕ ರೋಟರಿ ಟೂಲ್, ಅಂದರೆ ಸಣ್ಣ ಕಲ್ಲು, ಡಿಸ್ಕ್ ಸಿಕ್ಕಿಸಿ ಜೋರಾಗಿ ತಿರುಗಿಸುವ ಕೈ ಮಷಿನ್ ಹುಡುಕಲು ಶುರು ಮಾಡಿದೆ. ಇವತ್ತು ಕೊಟ್ಟಿಗೆ ಪಕ್ಕದ ನನ್ನ ಸಣ್ಣ ವರ್ಕ್‌ಶಾಪಿನಲ್ಲಿ ಜಾಸ್ತಿ ಕೈಗೆ ಬರುವುದು ಅಂಥದ್ದೇ ಒಂದು, ಡ್ರೆಮೆಲ್ 3000. ಹೊಸದಾಗಿ ಕೊಳ್ಳುವವರಿಗೆ ಉಪಯೋಗವಾಗಲಿ ಅಂತ ಕಲಿತದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ತಗೊಂಡಿದ್ದು ಒಂದು ಅಗ್ಗದ ಕಿಟ್. ಮೇಲೆ 180 ವ್ಯಾಟ್ ಅಂತ ಬರೆದಿತ್ತು. ಪೆಟ್ಟಿಗೆಯೊಳಗೆ ಮೂತಿಗೆ ಸಿಕ್ಕಿಸುವ ನೂರಕ್ಕೂ ಜಾಸ್ತಿ ಬಿಟ್‌ಗಳು. ಬೆಲೆ ನೋಡಿ ಖುಷಿಪಟ್ಟೆ. ಕಲ್ಲು ಹಾಕಿ ಆನ್ ಮಾಡಿದಾಗ ಗೊತ್ತಾಯಿತು, ಕಲ್ಲು ನೆಟ್ಟಗೆ ತಿರುಗುತ್ತಿಲ್ಲ. ಲೇತ್‌ನವರು ಇದಕ್ಕೆ ಔಟ್ ಇದೆ ಅನ್ನುತ್ತಾರೆ. ಔಟ್ ಇರುವ ಕಲ್ಲು ಕತ್ತಿಯನ್ನು ಉಜ್ಜುವುದಿಲ್ಲ, ಕುಟ್ಟುತ್ತದೆ. ಅಂಚಿನ ತುಂಬಾ ಸಣ್ಣ ಸಣ್ಣ ಅಲೆ ಮೂಡುತ್ತವೆ. ಹತ್ತು ನಿಮಿಷಕ್ಕೆ ಕೈಬೆರಳು ಜುಮ್ಮೆನ್ನುತ್ತದೆ. ಒಂದೇ ವರ್ಷಕ್ಕೆ ಮುಂದಿನ ಬೇರಿಂಗ್ ಸಡಿಲವಾಯಿತು. ಬಿಟ್ ಹಿಡಿಯುವ ಹಿತ್ತಾಳೆ ಕೋಲೆಟ್ ಸವೆದು, ಕೆಲಸದ ಮಧ್ಯೆ ಬಿಟ್ ಜಾರತೊಡಗಿತು.

ಹಾಗಾಗಿ ಅಂಗಡಿಯಲ್ಲಿ ನಿಂತಾಗ ವ್ಯಾಟ್ ನೋಡುವ ಮೊದಲು ಕೋಲೆಟ್ ನೋಡಿ. ಒಂದು ಹೊಸ 3.2 ಮಿ.ಮೀ. ಡ್ರಿಲ್ ಬಿಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅದನ್ನು ತಲೆಕೆಳಗು ಮಾಡಿ, ನುಣುಪು ಭಾಗ ಹೊರಗೆ ಬರುವ ಹಾಗೆ ಕೋಲೆಟ್‌ಗೆ ಸಿಕ್ಕಿಸಿ. ಕೈಯಲ್ಲಿ ತಿರುಗಿಸಿ ತುದಿ ನೋಡಿ. ಆಮೇಲೆ ಅತಿ ಕಡಿಮೆ ವೇಗದಲ್ಲಿ ಓಡಿಸಿ. ಕಡ್ಡಿ ಒಂದೇ ಗೆರೆಯಾಗಿ ನಿಂತ ಹಾಗೆ ಕಂಡರೆ ಸರಿ. ಎರಡೆರಡಾಗಿ ಕಂಡರೆ ವಾಪಸ್ ಕೊಟ್ಟುಬಿಡಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ನಾನು ಹೀಗೆ ಕೇಳಿದಾಗ ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. "ನೋಡಿ ಸರ್, ನೋಡಿಯೇ ತಗೊಳ್ಳಿ" ಅಂದು ಅವರೇ ಪ್ಲಗ್ ಹಾಕಿ ಕೊಟ್ಟರು. ಆವತ್ತು ತಂದದ್ದೇ ಈ ಡ್ರೆಮೆಲ್ 3000. ಹಳೆಯ ಕಿಟ್‌ನ ಮೂರು ಪಟ್ಟು ಬೆಲೆ ಕೊಟ್ಟೆ.

ಡ್ರೆಮೆಲ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿ 1932ರಲ್ಲಿ ಶುರುವಾದ ಕಂಪನಿ. 1993ರಿಂದ ಬಾಷ್‌ನ ಕೈಯಲ್ಲಿದೆ. ಎಷ್ಟು ಹೆಸರಾಗಿದೆ ಅಂದರೆ, ಈಗ ಯಾರ ಮಷಿನ್ ಆದರೂ ಜನ ಡ್ರೆಮೆಲ್ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಸಿಗುವ 230 ವೋಲ್ಟ್‌ನ 3000 ಮಾಡೆಲ್ 130 ವ್ಯಾಟ್‌ನದು. ನಿಮಿಷಕ್ಕೆ 10,000ದಿಂದ 33,000 ಸುತ್ತು ತಿರುಗುತ್ತದೆ.

130 ವ್ಯಾಟ್ ಏನಕ್ಕೆ ಸಾಲುತ್ತೆ ಅಂತ ನನಗೂ ಅನುಮಾನ ಇತ್ತು. ನಾಲ್ಕಿಂಚಿನ ಕಟಿಂಗ್ ಮಷಿನ್‌ಗಳೆಲ್ಲ 600 ವ್ಯಾಟ್ ಆಸುಪಾಸು ಅಥವಾ ಅದಕ್ಕೂ ಜಾಸ್ತಿ ಇರುತ್ತವೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿದರೆ ವಿಷಯ ಅರ್ಥವಾಗುತ್ತದೆ. ಉಜ್ಜುವ ಕೆಲಸ ಮಾಡುವುದು ಕಲ್ಲಿನ ಅಂಚು. ಅಂಚು ಎಷ್ಟು ಜೋರಾಗಿ ಓಡುತ್ತದೆ ಅನ್ನುವುದೇ ಮುಖ್ಯ. ನಾಲ್ಕಿಂಚಿನ ಕಟಿಂಗ್ ಮಷಿನ್ 11,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 57 ಮೀಟರ್ ಓಡುತ್ತದೆ. ಆರಿಂಚಿನ ಬೆಂಚ್ ಗ್ರೈಂಡರ್ 2,850 ಸುತ್ತಿನಲ್ಲಿ ಸುಮಾರು 22 ಮೀಟರ್. ನಮ್ಮ ಈ ಚಿಕ್ಕ ಮಷಿನ್‌ನಲ್ಲಿ 10 ಮಿ.ಮೀ. ಕಲ್ಲು 25,000 ಸುತ್ತು ತಿರುಗಿದರೂ ಬರುವುದು ಬರೀ 13 ಮೀಟರ್. ಅಷ್ಟೊಂದು ಸುತ್ತು ಯಾಕೆ ಬೇಕು ಅಂದರೆ ಇದಕ್ಕೇ. ಕಲ್ಲು ಚಿಕ್ಕದಾದಷ್ಟೂ ಸುತ್ತು ಜಾಸ್ತಿ ಬೇಕು.

ವೇಗವೇ ಇದರ ಬಲ. ಒತ್ತಿದರೆ ಆ ವೇಗವನ್ನೇ ನಾವು ಕೊಂದ ಹಾಗೆ. ಒತ್ತಿದಾಗ ಸುತ್ತು ಇಳಿಯುತ್ತದೆ, ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ತಂಪು ಮಾಡುವ ಫ್ಯಾನ್ ಇರುವುದೂ ಅದೇ ಶಾಫ್ಟ್ ಮೇಲೆ. ಬಿಸಿ ಏರುವ ಹೊತ್ತಿಗೇ ಗಾಳಿ ಕಡಿಮೆ ಆಗುತ್ತದೆ. ನಾನು ನೋಡಿದ ಸುಟ್ಟ ಮಷಿನ್‌ಗಳೆಲ್ಲ ಹೀಗೆ ಒತ್ತಿ ಸುಟ್ಟವೇ. ಕಿವಿ ಕೊಟ್ಟು ಕೇಳಿ. ಸಣ್ಣಗೆ ಒಂದೇ ಸಮ ಹಾಡುತ್ತಿದ್ದ ದನಿ ದಪ್ಪ ಆಯಿತು ಅಂದರೆ ಕೈ ಹಗುರ ಮಾಡಬೇಕು. ಪೆನ್ಸಿಲ್‌ನಲ್ಲಿ ನೆರಳು ತುಂಬುವಷ್ಟು ಮಾತ್ರ ಭಾರ ಬಿಡಿ. ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಇಳಿದಾಗಲೂ ಇದೇ ತೊಂದರೆ. ಆವಾಗ ನಾನು ಸುಮ್ನೆ ಮಷಿನ್ ಎತ್ತಿಡುತ್ತೇನೆ, ಬೆಳಿಗ್ಗೆ ಮಾಡುತ್ತೇನೆ.

ದೋಟಿ ಕತ್ತಿಗೆ ಸ್ಯಾಂಡಿಂಗ್ ಡ್ರಮ್, ಅಂದರೆ ಮರಳು ಕಾಗದ ಸುತ್ತಿದ ಚಿಕ್ಕ ಉರುಳೆ, ಚೆನ್ನಾಗಿ ಹೊಂದುತ್ತದೆ. ಒಳಬಾಗಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ. ಎರಡು ಎಳೆತಕ್ಕೊಮ್ಮೆ ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಮುಟ್ಟಲು ಆಗದಷ್ಟು ಬಿಸಿ ಇದ್ದರೆ ಬಾಲ್ದಿ ನೀರಿಗೆ. ಐದು ನಿಮಿಷದಲ್ಲಿ ಒಂದು ಕತ್ತಿ ಮುಗಿಯುತ್ತದೆ, ಬಾಯಿ ಒಂಚೂರೂ ಬಣ್ಣ ತಿರುಗದೆ.

ಅಮ್ಮ ಒಂದು ದಿನ ಈಳಿಗೆಮಣೆ ತಂದು ಮುಂದಿಟ್ಟರು. "ಇದರ ಹಲ್ಲೆಲ್ಲ ಸವೆದು ಹೋಗಿದೆ ಮಾರಾಯ, ಕಾಯಿ ತುರಿಯೋಕೇ ಆಗ್ತಿಲ್ಲ, ಸ್ವಲ್ಪ ನೋಡು" ಅಂದರು. ತುದಿಯಲ್ಲಿರುವ ಆ ದುಂಡು ತುರಿಯ ಹಲ್ಲುಗಳ ಮಧ್ಯೆ ಯಾವ ಅರವೂ ಸರಿಯಾಗಿ ಕೂರುವುದಿಲ್ಲ. ತೆಳು ಉರುಳೆ ಕಲ್ಲು ಹಾಕಿ, ಪ್ರತಿ ಸಂದಿಗೂ ಎರಡೇ ಸಲ ಮುಟ್ಟಿಸಿದೆ. ಹೊರಗಿನಿಂದ ಒಳಗೆ, ಅಷ್ಟೇ. ಹಲ್ಲಿನ ತುದಿ ಮುಟ್ಟಲೇ ಇಲ್ಲ, ಸಂದಿ ಆಳವಾದಾಗ ತುದಿ ತಾನೇ ಚೂಪಾಯಿತು. ಆಮೇಲೆ ಚೆನ್ನಾಗಿ ತೊಳೆದು ಕೊಟ್ಟೆ. ಆ ರಾತ್ರಿಯ ಚಟ್ನಿಗೆ ತುರಿದ ಕಾಯಿ ಹತ್ತಿಯ ಹಾಗೆ ಬಿದ್ದಿತ್ತು. ಈಗ ಅಕ್ಕಪಕ್ಕದ ಮನೆಯ ಮಣೆಗಳೂ ಬರುತ್ತವೆ.

ಚೈನ್‌ಸಾ ಕೆಲಸಕ್ಕೆ ಸ್ವಲ್ಪ ಲೆಕ್ಕಾಚಾರ ಬೇಕು. ಚೈನಿನ ಅಳತೆಗೆ ತಕ್ಕ ಕಲ್ಲು ಹಾಕಬೇಕು. ಚಿಕ್ಕ ಮಷಿನ್‌ಗಳ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನಿಗೆ 4 ಮಿ.ಮೀ. ಕಲ್ಲು, .325 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿ.ಮೀ. ಹಲ್ಲಿನ ಮೇಲೆ ಕಂಪನಿಯವರೇ ಗೆರೆ ಹಾಕಿರುತ್ತಾರೆ, ಸಾಮಾನ್ಯವಾಗಿ 30 ಡಿಗ್ರಿ. ಆ ಗೆರೆಗೆ ಸಮನಾಗಿ ಕಲ್ಲು ಹೋಗಬೇಕು. ಮೊದಲ ಹಲ್ಲಿಗೆ ಮೂರು ಸಲ ಕೊಟ್ಟರೆ ಎಲ್ಲ ಹಲ್ಲಿಗೂ ಮೂರೇ ಸಲ. ಒಂದು ಬದಿಯ ಹಲ್ಲು ಗಿಡ್ಡ ಆದರೆ ಕೊಯ್ಯುವಾಗ ಬ್ಲೇಡ್ ಒಂದು ಕಡೆಗೆ ಎಳೆಯುತ್ತದೆ. ಇನ್ನೊಂದು ವಿಷಯ ನಾನು ತಡವಾಗಿ ತಿಳಿದುಕೊಂಡೆ. ಉಜ್ಜುತ್ತಾ ಉಜ್ಜುತ್ತಾ ಕಲ್ಲೇ ಸಣ್ಣಗಾಗುತ್ತದೆ. 4.8 ಇದ್ದದ್ದು 4.3ಕ್ಕೆ ಬಂದರೆ ಹಲ್ಲಿನ ಆಕಾರ ಕೆಡುತ್ತದೆ. ಕ್ಯಾಲಿಪರ್ ಹಿಡಿದು ನೋಡಿ ಬದಲಿಸಿ.

ಬಿಟ್‌ಗಳ ದೊಡ್ಡ ಪೆಟ್ಟಿಗೆ ಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನೂರರಲ್ಲಿ ನಾವು ಬಳಸುವುದು ಹತ್ತು. ಆ ಹತ್ತನ್ನೇ ಒಳ್ಳೆಯದು ತಗೊಳ್ಳಿ. ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು, ಅಂದರೆ ಕೆಂಪು ಅಥವಾ ಕಂದು ಬಣ್ಣದ್ದು. ಟೈಲ್ಸ್, ಗಾಜು, ಕಲ್ಲಿಗೆ ಹಸಿರು ಬಣ್ಣದ ಸಿಲಿಕಾನ್ ಕಾರ್ಬೈಡ್. ಅಲ್ಯೂಮಿನಿಯಂ ಪಾತ್ರೆಗೆ ಇವ್ಯಾವುದನ್ನೂ ಹಾಕಬೇಡಿ, ಆ ಮೆತ್ತನೆ ಲೋಹ ಕಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಅದಕ್ಕೆ ಕಾರ್ಬೈಡ್ ಬರ್ರ್, ಅಂದರೆ ಹಲ್ಲಿರುವ ಗಟ್ಟಿ ಬಿಟ್ ಬೇಕು, ಅದಕ್ಕೂ ಆಗಾಗ ಮೇಣದಬತ್ತಿ ಉಜ್ಜಬೇಕು. ಜೊತೆಗೆ ಬೇರೆ ಕಲ್ಲನ್ನು ಉಜ್ಜಿ ನೆಟ್ಟಗೆ ಮಾಡುವ ಒಂದು ಡ್ರೆಸ್ಸಿಂಗ್ ಕಲ್ಲು ಇರಲೇಬೇಕು. ಹೊಸ ಕಲ್ಲು ಹಾಕಿದ ತಕ್ಷಣ ಕಡಿಮೆ ವೇಗದಲ್ಲಿ ಅದಕ್ಕೆ ಮೆಲ್ಲಗೆ ತಾಗಿಸಿದರೆ, ಉಳಿದ ಸಣ್ಣ ಔಟ್ ಕೂಡ ಹೋಗುತ್ತದೆ. ಕೈಯಲ್ಲಿ ಮಷಿನ್ ಇದೆಯೋ ಇಲ್ಲವೋ ಅನ್ನುವಷ್ಟು ನಡುಕ ಕಡಿಮೆ ಆಗುತ್ತದೆ.

ಒಂದು ಅಪಾಯದ ಮಾತು ಹೇಳಲೇಬೇಕು. ಎರಡನೇ ವರ್ಷ ಪಂಪಿನ ತುಕ್ಕು ಹಿಡಿದ ಬೋಲ್ಟ್ ಕತ್ತರಿಸುತ್ತಿದ್ದೆ. ಹಾಕಿದ್ದು 24 ಮಿ.ಮೀ.ನ ತೆಳು ಡಿಸ್ಕ್, ದಪ್ಪ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಮುಕ್ಕಾಲು ಭಾಗ ಕತ್ತರಿಸಿ ಆಗಿತ್ತು. ಮಣಿಕಟ್ಟು ಒಂಚೂರು ವಾಲಿತು. ಟಕ್ ಅಂತ ಸದ್ದು, ಅಷ್ಟೇ. ಡಿಸ್ಕ್ ಕೂರಿಸುವ ಕಡ್ಡಿ, ಅಂದರೆ ಮ್ಯಾಂಡ್ರೆಲ್ ಮೇಲೆ ಏನೂ ಇರಲೇ ಇಲ್ಲ. ಕನ್ನಡಕ ತೆಗೆದು ನೋಡಿದರೆ ಬಲಗಣ್ಣಿನ ನೇರಕ್ಕೆ ಅಕ್ಕಿ ಕಾಳಿನಷ್ಟು ಉದ್ದದ ಗೀರು. ಕೈ ನಡುಗಿತು. ಸುರಕ್ಷತೆಯ ಕನ್ನಡಕ ಇಲ್ಲದಿದ್ದರೆ ಆ ಗೀರು ಎಲ್ಲಿ ಬೀಳುತ್ತಿತ್ತು ಅಂತ ಇವತ್ತಿಗೂ ನೆನಪಾಗುತ್ತದೆ. ಆವತ್ತಿನಿಂದ ಲೋಹಕ್ಕೆ ಫೈಬರ್‌ಗ್ಲಾಸ್ ಬಲೆ ಇರುವ ಡಿಸ್ಕ್ ಮಾತ್ರ ಹಾಕುತ್ತೇನೆ. ಕತ್ತರಿಸುವ ಡಿಸ್ಕ್‌ನ ಪಕ್ಕದಲ್ಲಿ ಉಜ್ಜುವುದಿಲ್ಲ. ವೈರ್ ಬ್ರಷ್ ಹಾಕಿದಾಗ 15,000 ಸುತ್ತು ದಾಟುವುದಿಲ್ಲ, ದಾಟಿದರೆ ತಂತಿ ಕಿತ್ತು ಸೂಜಿಯ ಹಾಗೆ ಹಾರುತ್ತದೆ. ಟೈಲ್ಸ್, ಗ್ರಾನೈಟ್ ಮುಟ್ಟಿದರೆ ಮಾಸ್ಕ್ ಕಡ್ಡಾಯ, ಆ ಧೂಳಿನ ಸಿಲಿಕಾ ಶ್ವಾಸಕೋಶದಲ್ಲಿ ಕೂತುಬಿಡುತ್ತದೆ. ಮತ್ತೆ ಹೆಗಲ ಮೇಲಿನ ಬೈರಾಸು (ಟವೆಲ್) ತೆಗೆದಿಟ್ಟೇ ಕೂತುಕೊಳ್ಳಿ.

ಇನ್ನು ನಿಗಾ. ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಮೋಟಾರಿನ ಕಾರ್ಬನ್ ಬ್ರಷ್‌ಗಳನ್ನು 40-50 ಗಂಟೆ ಕೆಲಸಕ್ಕೊಮ್ಮೆ ತೆಗೆದು ನೋಡಬೇಕು. ನಾನು ವಾರಕ್ಕೆ ಸುಮಾರು ಒಂದು ಗಂಟೆ ಬಳಸುತ್ತೇನೆ, ಹಾಗಾಗಿ ವರ್ಷಕ್ಕೊಂದು ಸಲ ಸಾಕು. ಎರಡೂ ಬದಿಯ ಮುಚ್ಚಳ ಬಿಚ್ಚಿದರೆ ಸ್ಪ್ರಿಂಗ್ ಸಮೇತ ಹೊರಗೆ ಬರುತ್ತವೆ. ಉದ್ದ 3 ಮಿ.ಮೀ.ಗಿಂತ ಕಡಿಮೆ ಆದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದನ್ನೇ ವಾಪಸ್ ಹಾಕುವುದಾದರೆ ತೆಗೆದ ದಿಕ್ಕಿನಲ್ಲೇ ಕೂರಿಸಿ, ಇಲ್ಲದಿದ್ದರೆ ಬಾಗಿದ ಮುಖ ಸರಿಯಾಗಿ ತಾಗದೆ ಕಿಡಿ ಜಾಸ್ತಿ ಬರುತ್ತದೆ. ಹೊಸ ಬ್ರಷ್ ಹಾಕಿದ ಮೇಲೆ ಹತ್ತು ನಿಮಿಷ ಭಾರ ಕೊಡದೆ ಸುಮ್ನೆ ಓಡಿಸುತ್ತೇನೆ. ಈವರೆಗೆ ಎರಡು ಜೊತೆ ಬದಲಿಸಿದ್ದೇನೆ.

ಕಬ್ಬಿಣದ ಪುಡಿ ಗಾಳಿಕಿಂಡಿಯಿಂದ ಒಳಗೆ ಸೇರುತ್ತದೆ. ಪೇಟೆಗೆ ಹೋದಾಗ ಪಂಕ್ಚರ್ ಅಂಗಡಿಯಲ್ಲಿ ಹಿಂದಿನಿಂದ ಗಾಳಿ ಹೊಡೆಸಿಕೊಂಡು ಬರುತ್ತೇನೆ. ಪೈಪಿನಲ್ಲಿ ಮೊದಲು ನೀರು ಬರುತ್ತಾ ನೋಡಿಕೊಳ್ಳಿ, ಮಳೆಗಾಲದಲ್ಲಿ ಬಂದೇ ಬರುತ್ತದೆ. ಕೋಲೆಟ್‌ನ ಸೀಳಿನಲ್ಲಿ ಕೂತ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ಬಿಟ್ ಇಲ್ಲದೆ ಮೂತಿಯ ನಟ್ ಬಿಗಿ ಮಾಡಬಾರದು, ಕೋಲೆಟ್ ಒಳಕ್ಕೆ ಒತ್ತಿಕೊಂಡು ಹಾಳಾಗುತ್ತದೆ. ತಿರುಗುವುದು ನಿಲ್ಲುವ ಮೊದಲೇ ಲಾಕ್ ಬಟನ್ (ಬಿಟ್ ಬದಲಿಸುವಾಗ ಶಾಫ್ಟ್ ಹಿಡಿದಿಡುವ ಬಟನ್) ಒತ್ತಬಾರದು. ಅವಸರದಲ್ಲಿ ನಾನು ಒಮ್ಮೆ ಒತ್ತಿದ್ದೆ, ಆ ಕಟಕಟ ಶಬ್ದ ಕೇಳಿದ ಮೇಲೆ ಮತ್ತೆ ಒತ್ತಿಲ್ಲ.

ಫ್ಲೆಕ್ಸಿಬಲ್ ಶಾಫ್ಟ್, ಅಂದರೆ ಮಷಿನ್ ತುದಿಗೆ ಸಿಕ್ಕಿಸುವ ಬಾಗುವ ಕೇಬಲ್ ಮತ್ತು ಹಿಡಿ ತಗೊಳ್ಳುವುದಾದರೆ ಮಷಿನ್ ಅನ್ನು ತಲೆಗಿಂತ ಮೇಲೆ ನೇತುಹಾಕಿ, ಅಕ್ಕಸಾಲಿಗರ ಅಂಗಡಿಯಲ್ಲಿ ಇರುವ ಹಾಗೆ. ಶಾಫ್ಟ್ ಗಿಡ್ಡ ಸುತ್ತಿನಲ್ಲಿ ಬಾಗಿದರೆ ಒಳಗಿನ ತಂತಿ ಕವಚಕ್ಕೆ ಉಜ್ಜಿ ಬಿಸಿ ಆಗುತ್ತದೆ. ಆಗಾಗ ಒಳತಂತಿ ಹೊರಗೆಳೆದು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಬೇಕು. ಮೆತ್ತಬಾರದು, ಜಾಸ್ತಿ ಆದರೆ ಹಿಡಿಯ ಒಳಕ್ಕೆ ಇಳಿಯುತ್ತದೆ. ಚೈನ್‌ಸಾ ಹಲ್ಲಿಗೆ, ಮರದ ಕೆತ್ತನೆಗೆ ಇದರ ಹಗುರ ಹಿಡಿಯಷ್ಟು ಸುಖ ಬೇರೆ ಇಲ್ಲ.

ನಮ್ಮ ಮಳೆಗೆ ಎಲ್ಲವೂ ತುಕ್ಕು ಹಿಡಿಯುತ್ತದೆ. ಜೂನ್‌ಗೆ ಮುಂಚೆ ಕೋಲೆಟ್, ಮ್ಯಾಂಡ್ರೆಲ್‌ಗಳಿಗೆ ಮಷಿನ್ ಎಣ್ಣೆಯ ಬಟ್ಟೆ ಸವರಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಬಳಸುವ ಮೊದಲು ಎಣ್ಣೆ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಬಿಟ್ ಜಾರುತ್ತದೆ.

ಇದರಿಂದ ಆಗದ ಕೆಲಸವೂ ಇದೆ. ಹುಲ್ಲು ಹೊಡೆಯುವ ಮಷಿನ್‌ನ ಬ್ಲೇಡ್, ಕೊಡಲಿ, ಹಾರೆ ಇವಕ್ಕೆ ಇದನ್ನು ಹಿಡಿಯಬೇಡಿ. ಅವು ದೊಡ್ಡ ಕಲ್ಲಿನ ಕೆಲಸ. ದಿನಕ್ಕೆ ಎರಡು ಮೂರು ಗಂಟೆ ಬಳಸುವವರು 175 ವ್ಯಾಟ್‌ನ 4000 ಮಾಡೆಲ್ ನೋಡಿ, ಅದು 5,000 ಸುತ್ತಿನಿಂದಲೇ ಶುರುವಾಗುತ್ತದೆ, ಭಾರ ಬಿದ್ದಾಗ ವೇಗ ಕಾಯ್ದುಕೊಳ್ಳುವ ವ್ಯವಸ್ಥೆಯೂ ಇದೆ. ಪಾಲಿಶ್ ಕೆಲಸಕ್ಕೆ, ಪ್ಲಾಸ್ಟಿಕ್‌ಗೆ ಆ ಕಡಿಮೆ ವೇಗ ತುಂಬಾ ಬೇಕು. 3000ರ 10,000 ಸುತ್ತಿಗೆ ಪಿವಿಸಿ ಪೈಪ್ ಕರಗಿ ಅಂಟಿಕೊಳ್ಳುತ್ತದೆ. ಮನೆಮಟ್ಟಿಗೆ ವಾರಕ್ಕೊಂದು ಗಂಟೆ ಬಳಸುವವರಿಗೆ 3000 ಧಾರಾಳ ಸಾಕು.

ಈಗ ಏಳನೇ ಮಳೆಗಾಲ ಹತ್ತಿರ ಬರುತ್ತಿದೆ. ಹೋದ ವಾರ ಅದೇ ಡ್ರಿಲ್ ಬಿಟ್ ತಲೆಕೆಳಗು ಹಾಕಿ ಓಡಿಸಿ ನೋಡಿದೆ. ಕಡ್ಡಿ ಇನ್ನೂ ಒಂದೇ ಗೆರೆ.