ರಟ್ಟಿನ ನಕ್ಷೆಯೋ, ಅಂಗಳದ ನಕ್ಷೆಯೋ?

ಶಿವಮೊಗ್ಗ ಜಿಲ್ಲೆಯ 7 ತಾಲ್ಲೂಕುಗಳನ್ನು ಆಟದಲ್ಲೇ ಕಲಿಸಲು ಎರಡು ದಾರಿಗಳಿವೆ. ರಟ್ಟಿನದು ಸುಲಭ: ನಕ್ಷೆಯನ್ನು ಎ3 ಅಳತೆಗೆ ದೊಡ್ಡದು ಮಾಡಿಸಿ, ದಪ್ಪ ರಟ್ಟಿಗೆ ಅಂಟಿಸಿ, ಗಡಿಗುಂಟ ಕತ್ತರಿಸಿ. ಎಲ್ಲ ತುಂಡಿಗೂ ಒಂದೇ ಬಣ್ಣವಿರಲಿ. ಇಲ್ಲದಿದ್ದರೆ ಮಗು ‘ಹಸಿರು ಅಂದರೆ ಸಾಗರ’ ಎಂದು ನೆನಪಿಟ್ಟುಕೊಳ್ಳುತ್ತದೆ. ಪಕ್ಕದಲ್ಲಿ ಸೊರಬ, ಹೊಸನಗರ ಇರುವುದು ತಲೆಗೆ ಹೋಗುವುದಿಲ್ಲ. ಮಳೆಗಾಲದ ತೇವಕ್ಕೆ ರಟ್ಟು ಉಬ್ಬಿ ಅಂಚುಗಳು ಕೂರುವುದಿಲ್ಲ, ಎರಡೂ ಬದಿಗೆ ಅಗಲದ ಟೇಪ್ ಹಚ್ಚಿ.

ಅಂಗಳದ ನಕ್ಷೆಗೆ 10 ಅಡಿ ಜಾಗ, ಸೀಮೆಸುಣ್ಣ, ನೀಲಿ ದಾರ ಬೇಕು. ಮೊದಲು ದಿಕ್ಕು ಸರಿಮಾಡಿ: ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ. ಇದನ್ನು ಬಿಟ್ಟರೆ ಮಕ್ಕಳು ಹಾಳೆಯ ಮೇಲ್ತುದಿಯನ್ನೇ ಉತ್ತರ ಎಂದುಕೊಳ್ಳುತ್ತಾರೆ. ದಾರದಲ್ಲಿ ತುಂಗೆ, ಭದ್ರೆ ಹರಿಸಿ ಕೂಡಲಿಯಲ್ಲಿ ಗಂಟು ಹಾಕಿಸಿ. ಶರಾವತಿಯನ್ನು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಿಂದ ಜೋಗ ದಾಟಿಸಿ ಹೊನ್ನಾವರದ ಕಡೆ ಬಿಡಿ. ತುಂಗೆಯೂ ಅದೇ ತಾಲ್ಲೂಕಿನಲ್ಲಿ ಹರಿಯುತ್ತಾಳಲ್ಲ, ಅವಳೇಕೆ ಪಶ್ಚಿಮದ ಕಡಲಿಗೆ ಹೋಗಲಿಲ್ಲ? ಮಗುವೇ ಕೇಳುತ್ತದೆ. ಆಗ ಎರಡು ದಾರಗಳ ನಡುವೆ ಮರಳಿನ ದಿಣ್ಣೆ ಮಾಡಿ, ನೆತ್ತಿಗೆ ಒಂದು ತಂಬಿಗೆ ನೀರು ಸುರಿದು, ಅದು ಎರಡು ಕಡೆಗೆ ಇಳಿಯುವುದನ್ನು ತೋರಿಸಿ. ರಟ್ಟಿನಾಟದಲ್ಲಿ ಈ ಪ್ರಶ್ನೆ ಹುಟ್ಟುವುದೇ ಕಷ್ಟ.

6–7 ವರ್ಷದವರಿಗೆ, ಮಳೆ ಹಿಡಿದ ದಿನಗಳಿಗೆ ರಟ್ಟು ಸಾಕು. 9 ದಾಟಿದವರಿಗೆ ಅಂಗಳವೇ ಸರಿ.