ವಾರ್‌ಬರ್ಗ್‌ನಲ್ಲಿ ಒಂದು ವರ್ಷ: ಪುನರುಜ್ಜೀವನದ ಎಂ.ಎ. ಓದಿದ ಅನುಭವ

ಲಂಡನ್ನಿನ ವೋಬರ್ನ್ ಸ್ಕ್ವೇರ್‌ನಲ್ಲಿರುವ ವಾರ್‌ಬರ್ಗ್ ಇನ್‌ಸ್ಟಿಟ್ಯೂಟ್, 1300ರಿಂದ 1650ರವರೆಗಿನ, ಅಂದರೆ ಯುರೋಪಿನ ಪುನರುಜ್ಜೀವನ (ರಿನೈಸಾನ್ಸ್) ಕಾಲದ ಸಾಂಸ್ಕೃತಿಕ, ಬೌದ್ಧಿಕ ಹಾಗೂ ದೃಶ್ಯ ಇತಿಹಾಸದಲ್ಲಿ ಒಂದು ವರ್ಷದ ಎಂ.ಎ. ಪದವಿ ನೀಡುತ್ತದೆ. ಅಂತರಶಿಸ್ತೀಯ, ಅಂದರೆ ಹಲವು ಜ್ಞಾನಶಾಖೆಗಳನ್ನು ಬೆಸೆಯುವ, ಎಂಬ ವಿಶೇಷಣವನ್ನು ಈಗ ಯಾವ ವಿಶ್ವವಿದ್ಯಾಲಯದ ಕೈಪಿಡಿಯೂ ಬಿಟ್ಟಿಲ್ಲ. ಎಷ್ಟೋ ಕಡೆ ಅದರ ಅರ್ಥ ಸೋಮವಾರ ಸಾಹಿತ್ಯ, ಬುಧವಾರ ಚಿತ್ರಕಲೆ ಎಂಬಷ್ಟೇ. ಇಲ್ಲಿ ಆ ಮಾತಿಗೆ ತೂಕ ಬಂದಿರುವುದು ಪಾಠಪಟ್ಟಿಯಿಂದಲ್ಲ, ಗ್ರಂಥಾಲಯದಿಂದ.

ಕಲಾ ಇತಿಹಾಸಕಾರ ಆಬಿ ವಾರ್‌ಬರ್ಗ್ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಟ್ಟಿದ ಈ ಸಂಗ್ರಹದ ಸುಮಾರು 60,000 ಪುಸ್ತಕಗಳು, ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲೇ ಹಡಗೇರಿ ಲಂಡನ್ ಸೇರಿದವು. ಚಿತ್ರ, ಮಾತು, ದಿಕ್ಕು, ಕ್ರಿಯೆ ಎಂಬ ನಾಲ್ಕು ವಿಭಾಗಗಳಲ್ಲಿ ಅವು ಇಂದಿಗೂ ನಿಂತಿವೆ. ನಮಗೆ ಬೇಕಾದ ಪುಸ್ತಕಕ್ಕಿಂತ ಅದರ ಪಕ್ಕದ ಪುಸ್ತಕವೇ ಹೆಚ್ಚು ಉಪಯೋಗಕ್ಕೆ ಬಂದೀತು ಎಂಬ, 'ಒಳ್ಳೆಯ ನೆರೆಯವ'ನ ನಿಯಮದಂತೆ ಅವುಗಳ ಜೋಡಣೆ. ಕಪಾಟುಗಳು ತೆರೆದೇ ಇರುತ್ತವೆ, ಆದರೆ ಪುಸ್ತಕವನ್ನು ಮನೆಗೆ ಒಯ್ಯುವಂತಿಲ್ಲ.

ಈ ನಿಯಮ ನನಗೆ ಅರ್ಥವಾದದ್ದು ಇಟಲಿಯ ಫೆರಾರಾ ನಗರದ ಸ್ಕಿಫಾನೋಯಾ ಅರಮನೆಯ ಭಿತ್ತಿಚಿತ್ರಗಳನ್ನು ಓದುವಾಗ. ಸುಮಾರು 1470ರಲ್ಲಿ ಬರೆದ ಮಾರ್ಚ್ ತಿಂಗಳ ಚಿತ್ರದ ನಡುಪಟ್ಟಿಯಲ್ಲಿ, ಹರಿದ ಬಿಳಿ ಬಟ್ಟೆಗೆ ಹಗ್ಗ ಬಿಗಿದುಕೊಂಡ ಒಬ್ಬ ಕಪ್ಪು ಮನುಷ್ಯ ನಿಂತಿದ್ದಾನೆ. ಗ್ರೀಕ್ ದೇವತೆಗಳ ಮೆರವಣಿಗೆಯ ಕೆಳಗೆ ಇವನಿಗೇನು ಕೆಲಸ? ಕಲಾ ಇತಿಹಾಸ ಬಿಟ್ಟು ಜ್ಯೋತಿಷದ ಕಪಾಟಿಗೆ ಹೋದರೆ ಉತ್ತರವಿದೆ. ವರಾಹಮಿಹಿರನ ಜ್ಯೋತಿಷ ಗ್ರಂಥ ಬೃಹಜ್ಜಾತಕದಲ್ಲಿ ಮೇಷರಾಶಿಯ ಮೊದಲ ದ್ರೇಕ್ಕಾಣ (ರಾಶಿಯ ಮೂರನೇ ಒಂದು ಭಾಗ) ಎಂದರೆ ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿದ, ಕೆಂಪು ಕಣ್ಣಿನ, ಕೊಡಲಿ ಎತ್ತಿದ ಕಪ್ಪು ಪುರುಷ. ಅವನು ಬಾಗ್ದಾದಿನ ಜ್ಯೋತಿಷಿ ಅಬೂ ಮಾಷರ್‌ನ ಗ್ರಂಥದ ಮೂಲಕ ಯುರೋಪಿನ ಭಾಷೆಗಳಿಗೆ ದಾಟಿ ಇಟಲಿಯ ಗೋಡೆ ಹತ್ತಿದ್ದಾನೆಂದು ವಾರ್‌ಬರ್ಗ್ 1912ರಲ್ಲಿ ರೋಮ್‌ನಲ್ಲಿ ತೋರಿಸಿಕೊಟ್ಟ. (ಕೊಡಲಿ ಮಾತ್ರ ದಾರಿಯಲ್ಲೆಲ್ಲೋ ಕಳೆದುಹೋಗಿದೆ.) ಮನೆಯಲ್ಲಿ ಪಂಚಾಂಗದ ನಡುವೆ ಬೆಳೆದ ನನಗೆ, ಪುನರುಜ್ಜೀವನವೆಂದರೆ ಅಥೆನ್ಸ್ ಮತ್ತು ರೋಮ್ ಮಾತ್ರವೆಂಬ ಪಠ್ಯಪುಸ್ತಕದ ಮಾತು ಅಂದಿಗೆ ಸಡಿಲವಾಯಿತು.

ಬೋಧನೆ ಗಟ್ಟಿ, ತರಗತಿಗಳು ಚಿಕ್ಕವು. ಹಸ್ತಪ್ರತಿ ಓದುವ ತರಬೇತಿಯನ್ನು ತಪ್ಪಿಸಿಕೊಳ್ಳಬಾರದು: 'ಪಿ' ಅಕ್ಷರದ ಬಾಲಕ್ಕೆ ಅಡ್ಡಗೆರೆ ಎಳೆದಿದ್ದರೆ ಅದು 'ಪರ್', ಅದೇ ಗೆರೆ ಎಡಕ್ಕೆ ಸುಳಿದರೆ 'ಪ್ರೊ'. ಮೋಡಿ ಎಂಬ ಕೂಡುಬರಹದ ಹಳೆಯ ಕಡತಗಳೊಡನೆ ಹೆಣಗಿದವರಿಗೆ ಈ ಪಾಡು ಹೊಸದಲ್ಲ.

ಅವಧಿಯದ್ದೇ ತೊಡಕು. ಅಲ್ಲಿಗೆ ಹೋದ ಮೇಲೆ ಲ್ಯಾಟಿನ್ ಕಲಿತರಾಯಿತು ಎಂದುಕೊಂಡು ಹೊರಟವನು ನಾನು. ವಿಭಕ್ತಿಗಳು ನಾಲಿಗೆಗೆ ಹತ್ತುವಷ್ಟರಲ್ಲಿ ಪ್ರಬಂಧದ ವಿಷಯ ಗೊತ್ತುಪಡಿಸುವ ಕಾಲ ಬಂದಿತ್ತು, ಹೀಗಾಗಿ ಅನುವಾದಗಳಿರುವ ವಿಷಯವನ್ನೇ ಆರಿಸಬೇಕಾಯಿತು. ಸಂಸ್ಕೃತ ವ್ಯಾಕರಣ ಬಲ್ಲವರಿಗೆ ಈ ದಾರಿ ಅರ್ಧ ಸಲೀಸು. ಉಳಿದವರು ಅರ್ಜಿ ಹಾಕುವ ಮೊದಲೇ ಒಂದು ವರ್ಷ ಲ್ಯಾಟಿನ್ ಓದಿಕೊಳ್ಳಲಿ; ವಿದೇಶಿ ವಿದ್ಯಾರ್ಥಿಯ ಶುಲ್ಕ ಮತ್ತು ಲಂಡನ್ನಿನ ಬಾಡಿಗೆ ಕೊಟ್ಟು ಅಲ್ಲಿ ಕೂತು ಪ್ರಥಮಾ ವಿಭಕ್ತಿ ಬಾಯಿಪಾಠ ಮಾಡುವುದು ದುಬಾರಿ.