ಡೆಬಿಯನ್ ಲಿನಕ್ಸ್‌ನ ಡೈರೆಕ್ಟರಿ ವ್ಯವಸ್ಥೆ: ಹಲವು ವರ್ಷಗಳ ಬಳಕೆಯ ನಂತರ

ಮನೆಯ ಕಂಪ್ಯೂಟರಿನಲ್ಲಿ ಹಲವು ವರ್ಷಗಳಿಂದ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಳಸುತ್ತಿದ್ದೇನೆ. ಅದರ ವೇಗ, ನೋಟಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಅದು ಯಾವ ಫೈಲನ್ನು ಎಲ್ಲಿಡುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ವಿಂಡೋಸ್‌ನ ಸಿ, ಡಿ ಡ್ರೈವ್‌ಗಳು ಇಲ್ಲಿಲ್ಲ. ಎಲ್ಲವೂ ರೂಟ್ ಎಂಬ ಒಂದೇ ಮೂಲ ಡೈರೆಕ್ಟರಿಯಿಂದ (ಫೋಲ್ಡರಿನಿಂದ) ಕವಲೊಡೆಯುತ್ತದೆ. ಸೆಟ್ಟಿಂಗ್‌ಗಳು 'ಇಟಿಸಿ'ಯಲ್ಲಿ, ಸಿಸ್ಟಮ್ಮಿನ ಆಗುಹೋಗುಗಳನ್ನು ದಾಖಲಿಸುವ ಲಾಗ್‌ಗಳು 'ವಿಎಆರ್'ನಲ್ಲಿ, ಪ್ರೋಗ್ರಾಮ್‌ಗಳು 'ಯುಎಸ್‌ಆರ್'ನಲ್ಲಿ, ಬಳಕೆದಾರರ ಸ್ವಂತ ಫೈಲುಗಳು 'ಹೋಮ್'ನಲ್ಲಿ. 1994ರಲ್ಲಿ ಮೊದಲು ಪ್ರಕಟವಾಗಿ, 2015ರಲ್ಲಿ 3.0 ಆವೃತ್ತಿಯನ್ನು ಕಂಡ ಒಂದು ಮಾನದಂಡ ಈ ವಿಂಗಡಣೆಯ ಹಿಂದಿದೆ. ಹೋಮ್‌ಗೆ ಪ್ರತ್ಯೇಕ ಪಾರ್ಟಿಷನ್ (ಡಿಸ್ಕಿನ ಬೇರೆ ಭಾಗ) ಕೊಟ್ಟಿದ್ದರೆ, ಅದನ್ನು ಫಾರ್ಮ್ಯಾಟ್ ಮಾಡದೆ ಉಳಿದುದನ್ನೆಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದರೂ ಫೋಟೋಗಳಿಂದ ಹಿಡಿದು ಬ್ರೌಸರಿನ ಬುಕ್‌ಮಾರ್ಕ್‌ಗಳವರೆಗೆ ಎಲ್ಲವೂ ಇದ್ದಲ್ಲೇ ಇರುತ್ತವೆ. ನಾನು ಡೆಬಿಯನ್‌ನಲ್ಲೇ ಉಳಿಯಲು ಮುಖ್ಯ ಕಾರಣ ಇದೇ.

ಪ್ರೋಗ್ರಾಮ್‌ಗಳು 'ಬಿನ್' ಮತ್ತು 'ಯುಎಸ್‌ಆರ್' ಒಳಗಿನ 'ಬಿನ್' ಎಂದು ಎರಡು ಕಡೆ ಹಂಚಿಹೋಗಿದ್ದ ಹಳೆಯ ಗೊಂದಲಕ್ಕೆ 2023ರ ಬುಕ್‌ವರ್ಮ್ ಆವೃತ್ತಿ ತೆರೆ ಎಳೆಯಿತು. ಮೊದಲನೆಯದು ಈಗ ಎರಡನೆಯದಕ್ಕೆ ಕೊಂಡಿ ಮಾತ್ರ. ಆದ್ದರಿಂದ ಹಳೆಯ ಜಾಗವನ್ನೇ ನಂಬಿ ಬರೆದ ಸ್ಕ್ರಿಪ್ಟ್‌ಗಳಿಗೂ (ಆಜ್ಞೆಗಳ ಫೈಲುಗಳಿಗೂ) ತೊಂದರೆಯಿಲ್ಲ.

2025ರ ಟ್ರಿಕ್ಸಿ ಆವೃತ್ತಿ ತಂದ ಬದಲಾವಣೆಯನ್ನು ಅಷ್ಟು ಸುಲಭವಾಗಿ ಮೆಚ್ಚಲಾರೆ. ತಾತ್ಕಾಲಿಕ ಫೈಲುಗಳ 'ಟಿಎಂಪಿ' ಡೈರೆಕ್ಟರಿ ಈಗ ಡಿಸ್ಕ್‌ನಲ್ಲಲ್ಲ, ರ‍್ಯಾಮ್‌ನಲ್ಲಿರುತ್ತದೆ ಮತ್ತು ರ‍್ಯಾಮ್‌ನ ಅರ್ಧದಷ್ಟನ್ನು ಬಳಸಿಕೊಳ್ಳಬಹುದು. 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪಿನಲ್ಲಿ ದೊಡ್ಡದೊಂದು ಜಿಪ್ ಫೈಲನ್ನು ಅಲ್ಲಿ ಬಿಚ್ಚಿದರೆ, ಡಿಸ್ಕ್ ಖಾಲಿಯಿದ್ದರೂ ಜಾಗ ಸಾಲದೆಂಬ ಸೂಚನೆ ಬರಬಹುದು. 'ಟಿಎಂಪಿ.ಮೌಂಟ್' ಎಂಬ ಯೂನಿಟ್ಟನ್ನು ಮಾಸ್ಕ್ ಮಾಡಿ (ಅಂದರೆ ಅದು ಶುರುವಾಗದಂತೆ ತಡೆದು) ರೀಬೂಟ್ ಮಾಡಿದರೆ ಹಿಂದಿನ ಸ್ಥಿತಿಗೆ ಮರಳಬಹುದು.

ಇನ್ನು ಕನ್ನಡದ ವಿಚಾರ. ಫೈಲುಗಳಿಗೆ ಕನ್ನಡದ ಹೆಸರಿಡಲು ಯಾವ ಅಡ್ಡಿಯೂ ಇಲ್ಲ. ಆದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎಕ್ಸ್ಟ್4 ಎಂಬ ಫೈಲ್ ಸಿಸ್ಟಮ್‌ನಲ್ಲಿ ಹೆಸರಿನ ಮಿತಿ 255 ಬೈಟ್. ಯುನಿಕೋಡ್‌ನ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. 'ಕ್ಷೇ' ಎಂಬ ಒಂದೇ ಅಕ್ಷರದಲ್ಲಿ ನಾಲ್ಕು ಸಂಕೇತಗಳಿರುವುದರಿಂದ ಅದಕ್ಕೇ 12 ಬೈಟ್ ಹೋಗುತ್ತದೆ. ಲೇಖನದ ಪೂರ್ಣ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿಸುವ ನನ್ನಂಥವರಿಗೆ ಈ ಮಿತಿ ಬೇಗನೆ ಎದುರಾಗುತ್ತದೆ.

ಡೆಸ್ಕ್‌ಟಾಪಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಹೋಮ್‌ನೊಳಗಿನ ಡೌನ್‌ಲೋಡ್, ಚಿತ್ರಗಳಂಥ ಫೋಲ್ಡರುಗಳ ಹೆಸರುಗಳೂ ಕನ್ನಡಕ್ಕೆ ತಿರುಗಬಹುದು. ನೋಡಲು ಸಂತೋಷವೇ, ಆದರೆ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಪ್ರತಿ ಆಜ್ಞೆಯ ನಡುವೆ ಕೀಬೋರ್ಡ್ ಬದಲಿಸುವುದು ಬೇಸರದ ಕೆಲಸ. ಲಾಗಿನ್ ಆದಾಗ ಹೆಸರು ಬದಲಿಸಬೇಕೇ ಎಂದು ಕೇಳಿದರೆ ಹಳೆಯ ಹೆಸರುಗಳನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಈಗಾಗಲೇ ಬದಲಾಗಿದ್ದರೆ 'ಎಕ್ಸ್‌ಡಿಜಿ-ಯೂಸರ್-ಡರ್ಸ್-ಅಪ್‌ಡೇಟ್' ಆಜ್ಞೆಯನ್ನು ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷಾ ಸೆಟ್ಟಿಂಗ್‌ನಲ್ಲಿ), 'ಫೋರ್ಸ್' ಆಯ್ಕೆಯೊಂದಿಗೆ ಚಲಾಯಿಸಬೇಕು. ಅದು ಹೊಸ ಫೋಲ್ಡರುಗಳನ್ನು ಮಾತ್ರ ಸೃಷ್ಟಿಸುತ್ತದೆ. ಫೈಲುಗಳನ್ನು ನಾವೇ ಅವುಗಳಿಗೆ ಸರಿಸಿಕೊಳ್ಳಬೇಕು.